ನಾಯಿಗಳಲ್ಲಿ ಮರುಕಳಿಸುವ ಚರ್ಮದ ದದ್ದು

ನಾಯಿಯ ಮೈಮೇಲೆ ಪದೇ ಪದೇ ಏಳುವ ಕೆಂಪು ಗುಳ್ಳೆ, ಕೆರೆತ, ಹೊಟ್ಟು, ಕೂದಲುದುರಿದ ತೇಪೆಗಳು. ಇದು ಒಂದು ರೋಗದ ಹೆಸರಲ್ಲ, ಹಲವು ಕಾಯಿಲೆಗಳು ಚರ್ಮದ ಮೇಲೆ ತೋರುವ ಲಕ್ಷಣ. ಆಡುಮಾತಿನಲ್ಲಿ ಎಲ್ಲವನ್ನೂ ‘ಕಜ್ಜಿ’ ಎಂದುಬಿಡುವುದರಿಂದ ಚಿಗಟದ ಅಲರ್ಜಿ, ನುಸಿ, ಬ್ಯಾಕ್ಟೀರಿಯಾ, ಶಿಲೀಂಧ್ರ, ಒಗ್ಗದ ಆಹಾರ ಎಲ್ಲವೂ ಒಂದೇ ಆಗಿಹೋಗಿ, ಒಂದಕ್ಕೆ ಬೇಕಾದ ಮದ್ದು ಇನ್ನೊಂದಕ್ಕೆ ಬೀಳುತ್ತದೆ. ವಾಸಿಯಾಯಿತೆಂದುಕೊಂಡದ್ದು ತಿಂಗಳೊಪ್ಪತ್ತಿನಲ್ಲಿ ತಿರುಗಿ ಬರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾ, ಮಲಸೀಜಿಯಾ ಎಂಬ ಯೀಸ್ಟ್ ಆರೋಗ್ಯವಂತ ನಾಯಿಯ ಚರ್ಮದ ಮೇಲೂ ವಾಸಿಸುತ್ತವೆ. ಅಲರ್ಜಿಯಿಂದ ಚರ್ಮ ಕೆಂಪೇರಿ, ನಾಯಿ ಕೆರೆದು ನೆಕ್ಕಿ ಅದನ್ನು ಒದ್ದೆಮಾಡಿದಾಗ ಇವು ಮಿತಿಮೀರಿ ಬೆಳೆಯುತ್ತವೆ. ಕೀವುಗುಳ್ಳೆ, ಜಿಡ್ಡು, ಮುಗ್ಗಿದ ವಾಸನೆ ಆಗಿನವು. ಆ್ಯಂಟಿಬಯಾಟಿಕ್ ಕೊಟ್ಟರೆ ಗುಳ್ಳೆ ಮಾಯುತ್ತದೆ, ಒಳಗಿನ ಅಲರ್ಜಿ ಹಾಗೇ ಉಳಿಯುತ್ತದೆ. ಹೀಗೆ ಕೋರ್ಸಿನ ಮೇಲೆ ಕೋರ್ಸು ಮುಗಿಸುತ್ತಾ ಹೋದರೆ ಔಷಧಿಗೆ ಬಗ್ಗದ ತಳಿಗಳು ಹುಟ್ಟಿಕೊಳ್ಳುತ್ತವೆ.

ನಾಯಿ ಎಲ್ಲಿ ಕೆರೆದುಕೊಳ್ಳುತ್ತದೆ ಎಂಬುದು ಮೊದಲ ಸುಳಿವು. ಸೊಂಟದ ಹಿಂಭಾಗ, ಬಾಲದ ಬುಡವಾದರೆ ಚಿಗಟದ ಮೇಲೆ ಅನುಮಾನ. ಪಾದ, ಕಂಕುಳು, ಹೊಟ್ಟೆ, ಕಿವಿಯೊಳಗೆ ಆದರೆ ಧೂಳುನುಸಿ ಅಥವಾ ಪರಾಗದಿಂದ ಬರುವ ಅಟೋಪಿ ಎಂಬ ಅಲರ್ಜಿ ಇರಬಹುದು. ಇದು ಹೆಚ್ಚಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸಾಮಾನ್ಯ. ಬಿಳಿ ನಾಯಿಯ ಬೆರಳ ಸಂದಿನ ಕೂದಲು ಕಂದುಗೆಂಪಾಗಿದ್ದರೆ ಅದು ಎಂಜಲಿನ ಕಲೆ, ಎಷ್ಟು ಹೊತ್ತು ನೆಕ್ಕಿಕೊಂಡಿದೆ ಎಂಬುದರ ಸಾಕ್ಷಿ. ಕಿವಿಯ ಅಂಚು, ಮೊಣಕೈಗಳಲ್ಲಿ ಹಕ್ಕಳೆ ಕಟ್ಟಿ ತಡೆಯಲಾರದ ತುರಿಕೆಯಿದ್ದರೆ ಸಾರ್ಕೋಪ್ಟಿಸ್ ನುಸಿ ಇರಬಹುದು. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯಲು ಏಳುವುದುಂಟು. ಈ ನುಸಿ ಮನೆಯವರ ಮೈಗೂ ಹತ್ತುತ್ತದೆ. ಮರಿಗಳ ಮುಖ, ಮುಂಗಾಲುಗಳಲ್ಲಿ ಕೂದಲುದುರಿಸುವ ಡೆಮೊಡೆಕ್ಸ್ ನುಸಿ ಮಾತ್ರ ತಾಯಿಯಿಂದ ಮೊದಲ ದಿನಗಳಲ್ಲೇ ಬಂದದ್ದು. ಅದಕ್ಕಾಗಿ ಮರಿಯನ್ನು ದೂರ ಕಟ್ಟಬೇಕಾಗಿಲ್ಲ.

ಚಿಗಟದ ಅಲರ್ಜಿಯಲ್ಲಿ ಮನೆಯವರು ‘ನಮ್ಮ ನಾಯಿಯಲ್ಲಿ ಚಿಗಟವೇ ಇಲ್ಲ’ ಎನ್ನುವುದು ಮಾಮೂಲು, ಮತ್ತು ಅವರು ಸುಳ್ಳಾಡುತ್ತಿರುವುದಿಲ್ಲ. ಕಚ್ಚುವಾಗ ಸೇರುವ ಎಂಜಲಿಗೆ ಮೈ ಪ್ರತಿಕ್ರಿಯಿಸುವುದರಿಂದ ನಾಲ್ಕಾರು ಕಡಿತವೇ ಸಾಕು. ಕಚ್ಚಿದ ಚಿಗಟವನ್ನು ನಾಯಿ ನೆಕ್ಕಿ ನುಂಗಿರುತ್ತದೆ. ಮೈಯನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಒತ್ತಬೇಕು. ಅದು ಮಣ್ಣಾದರೆ ಕಪ್ಪಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಕಾಣುವ ಚಿಗಟಗಳು ಒಟ್ಟಾರೆ ಸಂತತಿಯ ನೂರರಲ್ಲಿ ಸುಮಾರು 5 ಪಾಲು ಮಾತ್ರ. ಉಳಿದ 95 ಪಾಲು ಮೊಟ್ಟೆ, ಮರಿಹುಳು, ಕೋಶಗಳಾಗಿ ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ ಇರುತ್ತವೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೆ ಮದ್ದು ಮಾಡಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಬೇಕು. ಕಡುಚಳಿಯಿಲ್ಲದ ಕರ್ನಾಟಕದಂಥ ಕಡೆ ಇದು ವರ್ಷವಿಡೀ ಮಾಡುವ ಕೆಲಸ. ಬೆಕ್ಕಿಗೆ ಮದ್ದು ಮಾಡುವಾಗ ಮಾತ್ರ ಎಚ್ಚರ: ನಾಯಿಗೆ ಹಾಕುವ ಪರ್ಮೆತ್ರಿನ್ ಹನಿ ಅದಕ್ಕೆ ಪ್ರಾಣಾಂತಿಕ.

ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆ ನಂಬಿಕೆಯಾಗುವಂತೆ ಹೇಳಲಾರದು. ನಾಯಿ ಹಿಂದೆ ತಿಂದಿರದ ಪ್ರೋಟೀನನ್ನೋ ಹೈಡ್ರೊಲೈಸ್ಡ್ (ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದ) ಆಹಾರವನ್ನೋ ಕನಿಷ್ಠ 8 ವಾರ ಕೊಟ್ಟು, ಆಮೇಲೆ ಹಳೆಯ ಊಟಕ್ಕೆ ಮರಳಿ ತುರಿಕೆ ಕೆರಳುವುದೇ ಎಂದು ನೋಡುವುದೊಂದೇ ದಾರಿ. ಕೋಳಿ, ದನದ ಮಾಂಸ, ಹಾಲು ಹೆಚ್ಚಾಗಿ ಕಾರಣವಾಗುತ್ತವೆ. ಈ ವಾರಗಳಲ್ಲಿ ಅಜ್ಜಿ ಪ್ರೀತಿಯಿಂದ ಹಾಕಿದ ಒಂದು ತುತ್ತು ಮೊಸರನ್ನವೂ ಪರೀಕ್ಷೆಯನ್ನು ಕೆಡಿಸುತ್ತದೆ.

ವೈದ್ಯರು ಚರ್ಮ ಕೆರೆದು ತೆಗೆದ ಪುಡಿ, ಟೇಪಿಗೆ ಅಂಟಿಸಿಕೊಂಡ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನಿಸುತ್ತಾರೆ. ಈ ಅಗ್ಗದ ಪರೀಕ್ಷೆ ಬಿಟ್ಟು ನೇರ ಸ್ಟೆರಾಯ್ಡ್ ಇಂಜೆಕ್ಷನ್ನಿಗೆ ಹೋಗುವುದು ತಪ್ಪು: ಎರಡು ದಿನ ತುರಿಕೆ ನಿಂತರೂ ಡೆಮೊಡೆಕ್ಸ್ ಇದ್ದರೆ ಅದು ಮೈಯೆಲ್ಲ ಹರಡುತ್ತದೆ. ನುಸಿಗೆ ಫ್ಲುರಾಲನೆರ್‌ನಂಥ ಮಾತ್ರೆಗಳಿವೆ, ಮೂರ್ಛೆ ಬರುವ ನಾಯಿಗೆ ಕೊಡುವ ಮುನ್ನ ಎಚ್ಚರ ಬೇಕು. ಕೋಲಿ ಜಾತಿಯ ಅನೇಕ ನಾಯಿಗಳಿಗೆ ಒಂದು ವಂಶವಾಹಿ ದೋಷದಿಂದಾಗಿ ನುಸಿಗೆ ಕೊಡುವ ಪ್ರಮಾಣದ ಐವರ್‌ಮೆಕ್ಟಿನ್ ವಿಷವಾಗುತ್ತದೆ. ಬೀದಿನಾಯಿಗೆ ಕರುಣೆಯಿಂದಲೇ ಸುಟ್ಟ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ. ನಾಯಿ ಅದನ್ನು ನೆಕ್ಕುತ್ತದೆ, ಚರ್ಮವೂ ಸುಡುತ್ತದೆ.

ಅಟೋಪಿ ಜೀವಮಾನದ ಜೊತೆಗಾರ. ಅಮೆರಿಕದಲ್ಲಿ 2013ರಲ್ಲಿ ಅನುಮತಿ ಪಡೆದ ಒಕ್ಲಾಸಿಟಿನಿಬ್ ಎಂಬ ಮಾತ್ರೆ ತುರಿಕೆಯ ಸಂಕೇತವನ್ನೇ ತಡೆಯುತ್ತದೆ. ಅದರ ಜೊತೆಗೆ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನ ಸ್ನಾನ. ಮನುಷ್ಯರ ಸೋಪು ಬೇಡ, ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಆಮ್ಲೀಯತೆಯೂ ಕಡಿಮೆ. ನೊರೆ 10 ನಿಮಿಷ ಮೈಮೇಲೆ ನಿಲ್ಲಬೇಕು, ತೊಳೆದ ಮೇಲೆ ಬೆರಳ ಸಂದು, ಕಂಕುಳು, ಮಡಿಕೆಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಬೇಕು.