ಓಣಿಯ ಕಲ್ಲುಗಳು: ಗದಗು-ಲಕ್ಕುಂಡಿ ಪರಿಸರದಲ್ಲಿ ಪ್ರಾಚೀನ ಶಿಲೆಗಳ ಮರುಬಳಕೆಯನ್ನು ಕುರಿತು ಕೆಲವು ವಿಚಾರಗಳು

೧

ಗದಗಿಗೆ ಸಮೀಪದ ಕಣಗಿನಹಾಳ ಗ್ರಾಮದ ಹೆಸರು ಆಧುನಿಕ ಭಾರತದ ಇತಿಹಾಸದಲ್ಲಿ ಒಂದು ನಿಶ್ಚಿತ ವರ್ಷದೊಡನೆ ಸೇರಿಕೊಂಡಿದೆ. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ, ಎಂದರೆ ೧೯೦೫ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪನೆಗೊಂಡಿತು. ದೇಶದಲ್ಲಿ ಇದು ಆ ಬಗೆಯ ಮೊದಲನೆಯ ಸಂಘವೆಂದು ಪರಿಗಣಿತವಾಗಿದೆ. ರೈತರು ತಮ್ಮ ಕೊರತೆಯನ್ನು ತಾವೇ ಕೂಡಿ ನೀಗಿಕೊಂಡ ಈ ಕಾರ್ಯಕ್ಕೆ ದಾಖಲೆಯುಂಟು; ಮಾಡಿದವರ ಹೆಸರುಂಟು; ಕಾಲವುಂಟು.

ಅದೇ ೧೯೦೪ರಲ್ಲಿ ಮತ್ತೊಂದು ಕಾಯಿದೆಯೂ ಬಂದಿತೆಂಬುದನ್ನು ಇಲ್ಲಿ ನೆನೆಯಬೇಕು. ಅದು ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ. ಇದರ ಮೂಲಕ ಗುಡಿ, ಬಸದಿ, ಕೋಟೆಗಳು ಸರಕಾರದ ಪಟ್ಟಿಯನ್ನು ಸೇರಲು ಮೊದಲಾದವು. ಹೀಗೆ ಒಂದೇ ವರ್ಷದ ಎರಡು ಕಾಯಿದೆಗಳು ಈ ಸೀಮೆಯ ಜನಜೀವನವನ್ನು ಎರಡು ದಿಕ್ಕಿನಿಂದ ದಾಖಲೆಗೆ ತಂದವು. ಆದರೆ ಎರಡೂ ದಾಖಲೆಗಳಿಗೆ ಸಿಕ್ಕದ ಮೂರನೆಯ ಬಗೆಯ ಕಾರ್ಯವೊಂದು ಇದೆ. ಅದಕ್ಕೆ ಮುಂದಾಳುಗಳಿಲ್ಲ, ತೇದಿಯಿಲ್ಲ, ಹೆಸರೂ ಇಲ್ಲ. ಬಿದ್ದ ಗುಡಿಯ ಕಲ್ಲನ್ನು ಉರುಳಿಸಿ ತಂದು ಗಟಾರದ ಮೇಲೆ ಹಾಸುವುದು, ಒಡೆದ ಕಂಬವನ್ನು ನೆಟ್ಟು ಎತ್ತನ್ನು ಕಟ್ಟುವುದು, ಶಾಸನದ ಹಲಗೆಯ ಮೇಲೆ ಬಟ್ಟೆ ಒಗೆಯುವುದು, ಇವೇ ಆ ಕಾರ್ಯಗಳು. ಓಣಿಯ ಜನರು ತತ್ಕಾಲದ ಅಗತ್ಯಕ್ಕಾಗಿ ಕೈಗೆ ಸಿಕ್ಕಿದ್ದನ್ನು ಹೊಂದಿಸಿಕೊಂಡ ಈ ಏರ್ಪಾಡುಗಳನ್ನು ನಾವು ಈವರೆಗೆ ಅಜ್ಞಾನದ ಉದಾಹರಣೆಗಳೆಂದು ಮಾತ್ರ ಎಣಿಸಿದ್ದೇವೆ. ಇವು ಇತಿಹಾಸದ ಆಧಾರಗಳೂ ಹೌದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು, ಇಂಥ ಬಳಕೆ ಏಕೆ ಉಂಟಾಯಿತೆಂಬುದನ್ನು ವಿಚಾರಿಸೋಣ. ಗದಗು ಸೀಮೆಯ ಬಹುಭಾಗ ಎರೆಭೂಮಿ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತುವ ಕೆಸರಾಗುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಇಂಥ ನೆಲದಲ್ಲಿ ಮನೆಯ ಬಾಗಿಲ ಮುಂದೆ ಒಂದು ಚಪ್ಪಟೆ ಕಲ್ಲಿದ್ದರೆ ಅದು ದೊಡ್ಡ ಅನುಕೂಲ. ಆದರೆ ಎರೆಹೊಲದಲ್ಲಿ ಕಲ್ಲು ದೊರೆಯುವುದಿಲ್ಲ. ಗುಡ್ಡದಿಂದ ಕಲ್ಲು ಕೀಳಿಸಿ, ಬಂಡಿಯಲ್ಲಿ ತರಿಸಿ, ಕಲ್ಲುಕುಟಿಗನಿಂದ ಸಮಮಾಡಿಸುವ ವೆಚ್ಚವು ಸಾಮಾನ್ಯ ಒಕ್ಕಲಿಗನಿಗಾಗಲಿ ನೇಕಾರನಿಗಾಗಲಿ ಹಗುರವಾದುದಲ್ಲ. ಊರಿನ ನಡುವೆಯೇ ಬಿದ್ದಿರುವ ಹಳೆಯ ಶಿಲೆಗೆ ಈ ಮೂರು ವೆಚ್ಚಗಳನ್ನೂ ಹಿಂದೊಂದು ಕಾಲದ ಅರಸನೋ ಸೆಟ್ಟಿಯೋ ಆಗಲೇ ಕೊಟ್ಟುಬಿಟ್ಟಿರುತ್ತಾನೆ.

ಯಾವ ಕಲ್ಲು ಯಾವ ಕೆಲಸಕ್ಕೆ ಹೋಗುತ್ತದೆಂಬುದು ಅದರ ಆಕಾರವನ್ನು ಅವಲಂಬಿಸಿದೆ. ಶಾಸನದ ಹಲಗೆ ಅಗಲವಾಗಿಯೂ ತೆಳ್ಳಗೂ ಇರುವುದರಿಂದ ಗಟಾರದ ಮೇಲಿನ ಕಿರುಸೇತುವೆಗೂ ಬಾವಿಯ ಬಳಿಯ ಒಗೆಯುವ ಕಲ್ಲಿಗೂ ಒಪ್ಪುತ್ತದೆ. ಕಂಬದ ತುಂಡು ದನ ಕಟ್ಟುವ ಗೂಟಕ್ಕೆ ಅಥವಾ ಬೇವಿನ ಕಟ್ಟೆಯ ಮೂಲೆಗೆ ಸಲ್ಲುತ್ತದೆ. ಬಾಗಿಲುವಾಡದ ಮೇಲ್ಪಟ್ಟಿಯು ಕುಳಿತುಕೊಳ್ಳುವ ಆಸನವಾಗುತ್ತದೆ. ವೀರಗಲ್ಲಿನ ಗತಿ ಸ್ವಲ್ಪ ಬೇರೆ. ಅದರಲ್ಲಿ ಆಯುಧ ಹಿಡಿದ ಆಕೃತಿಯಿರುವುದರಿಂದ ಅನೇಕ ಕಡೆ ಅದು ದೇವರಾಗಿ ಎಣ್ಣೆ-ಕುಂಕುಮಗಳನ್ನು ಪಡೆಯುತ್ತದೆ. ಕಾದಾಡಿ ಮಡಿದ ವೀರನ ಹೆಸರು ಮರೆತಿದ್ದರೂ ಪೂಜೆ ನಿಂತಿರುವುದಿಲ್ಲ.

ಕಲ್ಲನ್ನು ಹಾಸುವವನು ಯಾವ ಮುಖವನ್ನು ಮೇಲೆ ಮಾಡಿದನೆಂಬುದೂ ವಿಚಾರಾರ್ಹ. ಶಾಸನಶಿಲೆಯ ಬೆನ್ನು ಎಷ್ಟೋ ಸಲ ಒರಟಾಗಿರುತ್ತದೆ. ಅಕ್ಷರವಿರುವ ಮುಖವೇ ನುಣುಪು. ಕಾಲಿಗೆ ಸುಖವನ್ನು ಬಯಸಿದವನು ಅಕ್ಷರವನ್ನು ಮೇಲೆ ಮಾಡುತ್ತಾನೆ. ಅಕ್ಷರದ ಮೇಲೆ ಕಾಲಿಡಬಾರದೆಂಬ ಸಂಸ್ಕಾರವುಳ್ಳವನು ಅದನ್ನು ನೆಲಕ್ಕೆ ಮುಖಮಾಡಿ ಮಲಗಿಸುತ್ತಾನೆ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂದು ಎಷ್ಟೋ ಶಾಸನಗಳು ಕೊನೆಯಲ್ಲಿ ಶಪಿಸುತ್ತವೆ. ಆದರೆ ಲಿಪಿಯ ರೂಪ ಬದಲಾದ ಮೇಲೆ ಆ ಶಾಪವನ್ನು ಓದುವವರು ಊರಿನಲ್ಲಿ ಉಳಿಯಲಿಲ್ಲ. ಉಳಿದದ್ದು ಕಲ್ಲಿನ ನೆತ್ತಿಯ ಮೇಲಿನ ಸೂರ್ಯ-ಚಂದ್ರರು, ಆಕಳು-ಕರುಗಳು ಮಾತ್ರ. ಅವುಗಳನ್ನು ಕಂಡು ಕೈಮುಗಿದವರೂ ಉಂಟು.

ಈ ಬಳಕೆಯಿಂದ ಹಾನಿಯಾಗಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಲಕ್ಕುಂಡಿಯ ಕಾಶಿವಿಶ್ವೇಶ್ವರದಂಥ ಗುಡಿಗಳಲ್ಲಿ ಬಳಸಿರುವುದು ಬಳಪದ ಕಲ್ಲು. ಶಿಲ್ಪಿಯ ಉಳಿಗೆ ಸುಲಭವಾಗಿ ಒಲಿಯುವ ಕಲ್ಲು ಕುಡುಗೋಲಿನ ಮಸೆತಕ್ಕೂ ಬಟ್ಟೆಯ ಹೊಡೆತಕ್ಕೂ ಸುಲಭವಾಗಿಯೇ ಸವೆಯುತ್ತದೆ. ಕುಸುರಿ ಕೆಲಸದ ಸೊಬಗಿಗೆ ಕಾರಣವಾದ ಗುಣವೇ ಅಕ್ಷರದ ನಾಶಕ್ಕೂ ಕಾರಣವಾಗಿದೆ.

೩

ಹಳೆಯ ಕಲ್ಲಿನ ಮರುಬಳಕೆಯೆಲ್ಲವೂ ಒಂದೇ ಜಾತಿಯದಲ್ಲ. ಅರಸರ ಬಳಕೆ ಬೇರೆ, ಓಣಿಯ ಬಳಕೆ ಬೇರೆ. ವಿಜಯಪುರದ ಅರಕಿಲ್ಲೆಯಲ್ಲಿ ೧೩೨೦ರಲ್ಲಿ ನಿರ್ಮಿತವಾದ ಕರೀಮುದ್ದೀನನ ಮಸೀದಿಯು ಹಳೆಯ ಗುಡಿಗಳ ಕಂಬಗಳ ಮೇಲೆ ನಿಂತಿದೆ. ಅದೇ ಅರಕಿಲ್ಲೆಯ ದಕ್ಷಿಣ ದ್ವಾರದಲ್ಲಿಯೂ ಚಾಲುಕ್ಯ ಕಾಲದ ಕಂಬಗಳಿವೆ. ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ೨೦೧೪ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ದಖನಿನ ಅರಸರು ಚಾಲುಕ್ಯರ ಹಳೆಯ ಹಿರಿಮೆಯನ್ನು ತಮ್ಮದಾಗಿಸಿಕೊಳ್ಳಲು ಬುದ್ಧಿಪೂರ್ವಕವಾಗಿ ಆ ಶಿಲೆಗಳನ್ನು ಆರಿಸಿ ನಿಲ್ಲಿಸಿದರೆಂಬುದು ಅವರ ಅಭಿಪ್ರಾಯ. ಇಲ್ಲಿ ಕಲ್ಲು ಒಂದು ರಾಜಕೀಯ ಮಾತನ್ನಾಡುತ್ತದೆ.

ರಾಯಚೂರು ಕೋಟೆಯ ನಿದರ್ಶನವನ್ನು ಇದರ ಪಕ್ಕದಲ್ಲಿಡಬಹುದು. ಅದು ಮರುಬಳಕೆಯದಲ್ಲದಿದ್ದರೂ ನಮ್ಮ ವಿಷಯಕ್ಕೆ ಬೆಳಕನ್ನು ಬೀರುತ್ತದೆ. ಕಾಕತೀಯರ ಕಾಲದ ೧೨೯೪ರ ಶಾಸನವನ್ನು ಹೊತ್ತ ಅಲ್ಲಿಯ ಶಿಲೆಯ ಉದ್ದ ನಾಲ್ವತ್ತು ಅಡಿಗೂ ಮಿಕ್ಕಿದೆ. ಆ ಭಾರಿ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲಿನಿಂದ ಎಳೆಸಿ ತಂದ ದೃಶ್ಯವನ್ನು ಕೋಟೆಯ ಗೋಡೆಯ ಮೇಲೆಯೇ ಗೀರಿ ತೋರಿಸಿದ್ದಾರೆ. ಅರಸನ ಕಲ್ಲು ತನ್ನ ಪ್ರಯಾಣದ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಓಣಿಯ ಕಲ್ಲಿಗೆ ಆ ಭಾಗ್ಯವಿಲ್ಲ. ಗುಡಿಯಿಂದ ಹೊಸ್ತಿಲಿಗೆ ಅದನ್ನು ಯಾರು ತಂದರು, ಎಷ್ಟು ಜನ ಕೂಡಿ ಉರುಳಿಸಿದರು ಎಂಬುದನ್ನು ಯಾರೂ ಕೆತ್ತಿಸಿಲ್ಲ. ಅದನ್ನು ಇಟ್ಟ ಜಾಗ, ಇಟ್ಟ ರೀತಿ, ಸವೆದ ಗುರುತು, ಇವಿಷ್ಟೇ ಅದರ ಬರಹ.

೪

ಈ ಬರಹವನ್ನು ಓದಬಹುದೆಂಬುದಕ್ಕೆ ಐಹೊಳೆಯು ಅತ್ಯುತ್ತಮ ನಿದರ್ಶನ. ಅಲ್ಲಿಯ ಗುಡಿಗಳಲ್ಲಿ ಬಹಳ ಕಾಲ ಜನರು ವಾಸವಾಗಿದ್ದರು. ಗುಡಿಯ ಗೋಡೆಗಳಿಗೆ ಮನೆಗಳು ಒರಗಿಕೊಂಡಿದ್ದವು. ಲಾಡಖಾನನೆಂಬಾತನು ವಾಸಿಸುತ್ತಿದ್ದ ಗುಡಿ ಇಂದಿಗೂ ಲಾಡಖಾನ ಗುಡಿಯೇ. ಹೆನ್ರಿ ಕಸಿನ್ಸ್‌ನು ೧೯೨೬ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಿಂದ ಹಿಡಿದು ಇಂದಿನ ಪಠ್ಯಪುಸ್ತಕದವರೆಗೆ ಈ ಹೆಸರೇ ನಡೆದುಬಂದಿದೆ. ಗೌಡರ ಗುಡಿ, ಅಂಬಿಗರ ಗುಡಿ, ಬಡಿಗೇರ ಗುಡಿ ಎಂಬ ಹೆಸರುಗಳೂ ದೇವರನ್ನಲ್ಲ, ಓಣಿಯ ಜನರನ್ನು ಸೂಚಿಸುತ್ತವೆ.

ಇವುಗಳಲ್ಲಿ ದುರ್ಗಗುಡಿಯ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಇದು ದುರ್ಗಾದೇವಿಯ ಗುಡಿಯೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಹಿಂದೊಮ್ಮೆ ಇದರ ಮಾಳಿಗೆಯ ಮೇಲೆ ಕಾವಲಿಗಾಗಿ ಕಾಡುಗಲ್ಲಿನ ಹುಡೆಯೊಂದನ್ನು ಕಟ್ಟಿದ್ದರು. ಆ ಕಾರಣದಿಂದ ಅದು ದುರ್ಗದ, ಎಂದರೆ ಕೋಟೆಯ, ಗುಡಿಯಾಯಿತು. ಅದು ಮೂಲತಃ ಆದಿತ್ಯನ ದೇಗುಲವೆಂದು ಅಲ್ಲಿಯ ದ್ವಾರದ ಶಾಸನದಿಂದ ತಿಳಿದುಬಂದಿದೆ. ದುರ್ಗಾಭಗವತಿಯ ಹೆಸರು ಶಾಸನದಲ್ಲಿ ದೊರೆಯುವುದು ಗೌಡರ ಗುಡಿಯಲ್ಲಿ! ಅವಸರದಲ್ಲಿ ಪೇರಿಸಿದ ಕಾವಲುಹುಡೆ ಇಂದು ಅಲ್ಲಿಲ್ಲ. ಅದು ಕೊಟ್ಟ ಹೆಸರು ಮಾತ್ರ ಜಗತ್ಪ್ರಸಿದ್ಧವಾಗಿ ಉಳಿದಿದೆ. ತಾತ್ಕಾಲಿಕವಾದ ಏರ್ಪಾಡು ಶಾಶ್ವತವಾದುದನ್ನು ಮೀರಿ ಬಾಳುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಗದಗು ಪಟ್ಟಣದ ಸೋಮೇಶ್ವರ ಗುಡಿಯೂ ಪೂಜೆ ನಿಂತ ಮೇಲೆ ಕೆಲಕಾಲ ಶಾಲೆಯಾಗಿ ಬಳಕೆಯಾಗಿತ್ತು. ಕೆತ್ತನೆಯ ಕಂಬಗಳ ನಡುವೆ ಕುಳಿತು ಮಕ್ಕಳು ಅಕ್ಷರ ಕಲಿತರು. ಚಾವಣಿಯಿರುವ ಕಟ್ಟಡವನ್ನು ಜನರು ಖಾಲಿ ಬಿಡುವುದಿಲ್ಲ. ಬಳಕೆಯಲ್ಲಿರುವ ಕಟ್ಟಡದ ಕಲ್ಲುಗಳು ಬೇರೆಡೆಗೆ ಹೋಗುವ ಸಂಭವವೂ ಕಡಿಮೆ. ಒಗ್ಗದ ಬಳಕೆಯೂ ಒಂದು ಬಗೆಯ ಕಾವಲೇ ಆಗಿದೆ.

೫

ಈಗ ನಮ್ಮ ವಿದ್ಯಾಭ್ಯಾಸಕ್ರಮಕ್ಕೆ ಸಂಬಂಧಿಸಿದ ಒಂದು ಮಾತು. ಬಿ. ಎಲ್. ರೈಸರು ೧೮೮೬ರಿಂದ ಪ್ರಕಟಿಸತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತೆರೆದರೆ, ಪ್ರತಿಯೊಂದು ಶಾಸನಪಾಠಕ್ಕೆ ಮುಂಚೆ ಅದು ದೊರೆತ ಸ್ಥಳವನ್ನು ತಿಳಿಸುವ ಒಂದು ಸಾಲು ಕಾಣುತ್ತದೆ. ಗುಡಿಯ ಮುಂದೆ ನಟ್ಟ ಕಲ್ಲು, ಕೆರೆಯ ತೂಬಿನ ಬಳಿಯದು, ಹೊಲದಲ್ಲಿ ಬಿದ್ದದ್ದು, ಹೀಗೆ. ಧಾರವಾಡದಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ಶಾಸನಸಂಪುಟಗಳಲ್ಲಿಯೂ ಇಂಥ ವಿವರಗಳಿವೆ. ನಾವು ಈ ಸಾಲನ್ನು ವಿಳಾಸವೆಂದು ತಿಳಿದು ದಾಟಿ ಹೋಗುತ್ತೇವೆ. ಅರಸನ ಹೆಸರು, ಶಕವರ್ಷ, ದಾನದ ವಿವರ ಸಿಕ್ಕೊಡನೆ ನಮ್ಮ ಕೆಲಸ ಮುಗಿಯುತ್ತದೆ. ಆದರೆ ಶಾಸನವು ಕೆತ್ತಿದ ದಿನದ ಸಂಗತಿಯನ್ನು ಹೇಳಿದರೆ, ಈ ಸಾಲು ಅನಂತರದ ಏಳೆಂಟು ನೂರು ವರ್ಷಗಳ ಸಂಗತಿಯನ್ನು ಸೂಚಿಸುತ್ತದೆ. ಒಂದು ತಾಲೂಕಿನ ಶಾಸನಗಳ ಸ್ಥಳಸೂಚನೆಗಳನ್ನೆಲ್ಲ ಒಂದೆಡೆ ಸೇರಿಸಿದರೆ, ಎಲ್ಲಿ ಗುಡಿ ಬಿದ್ದಿತು, ಎಲ್ಲಿ ಅಗಸಿ ಎದ್ದಿತು, ಯಾವ ಕೇರಿಯು ಯಾವ ಹಾಳಿನ ಕಲ್ಲಿನಿಂದ ಬೆಳೆಯಿತು ಎಂಬುದರ ನಕ್ಷೆಯನ್ನೇ ಸಿದ್ಧಪಡಿಸಬಹುದು.

ಹೊರನಾಡಿನ ಪ್ರಸಿದ್ಧ ಉದಾಹರಣೆಯೊಂದು ಇಲ್ಲಿ ಪ್ರಸ್ತುತವಾಗಿದೆ. ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಕೀಲಿಕೈಯಾದ ರೊಸೆಟ್ಟಾ ಶಿಲೆಯು ೧೭೯೯ರಲ್ಲಿ ದೊರೆತದ್ದು ಯಾವ ದೇವಾಲಯದಲ್ಲಿಯೂ ಅಲ್ಲ. ಹಳೆಯ ಕೋಟೆಯೊಂದರ ಕಟ್ಟಡಕ್ಕೆ ಯಾರೋ ಅದನ್ನು ಸಾಮಾನ್ಯ ಕಲ್ಲಾಗಿ ಬಳಸಿದ್ದರು. ನಮ್ಮ ನಾಡಿನಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ. ಶ. ೭೫೦ರ ಕಿತ್ತಯ್ಯನ ವೀರಗಲ್ಲು ೨೦೧೮ರಲ್ಲಿ ಬೀದಿಯ ಚರಂಡಿ ಕಾಮಗಾರಿಯ ನಡುವೆ ಬೆಳಕಿಗೆ ಬಂದಿತು. ಬೀದಿಯು ಕಲ್ಲನ್ನು ನುಂಗುವುದೂ ಉಂಟು, ಕಾಯುವುದೂ ಉಂಟು.

೬

ಈ ವಿಚಾರ ಇಂದು ತುರ್ತಿನದಾಗಿದೆ. ಲಕ್ಕುಂಡಿಯು ಪ್ರಾಚೀನ ಲೊಕ್ಕಿಗುಂಡಿ; ದಾನಚಿಂತಾಮಣಿ ಅತ್ತಿಮಬ್ಬೆಯು ಬಸದಿಯನ್ನು ಕಟ್ಟಿಸಿದ ನಗರ; ಹೊಯ್ಸಳ ಇಮ್ಮಡಿ ಬಲ್ಲಾಳನು ಬೀಡುಬಿಟ್ಟ ನೆಲೆ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಖ್ಯಾತಿ ಅದಕ್ಕಿದೆ. ೨೦೨೪ರ ನವೆಂಬರಿನಲ್ಲಿ ಅಲ್ಲಿಯ ಮನೆ, ಹಿತ್ತಲು, ಓಣಿಗಳಲ್ಲಿ ಚದುರಿದ್ದ ಶಿಲಾವಶೇಷಗಳನ್ನು ಹುಡುಕಿ ಸಂಗ್ರಹಿಸುವ ಕಾರ್ಯವು ನಡೆಯಿತು. ೨೦೨೫ರಲ್ಲಿ ಉತ್ಖನನವೂ ಆರಂಭವಾಯಿತು. ಇದು ಸ್ತುತ್ಯವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಬಯಲಿನಲ್ಲಿ ಬಿಟ್ಟ ಬಳಪದ ಕಲ್ಲಿಗೆ ಇನ್ನು ಹೆಚ್ಚು ಆಯುಷ್ಯವಿಲ್ಲ. ಊರೂರುಗಳಲ್ಲಿ ಓಣಿಗಳಿಗೆ ಕಾಂಕ್ರೀಟು ಹಾಕುವಾಗ ಹಾಸುಗಲ್ಲುಗಳು ಒಂದೋ ಒಳಗೆ ಹೂತುಹೋಗುತ್ತವೆ, ಇಲ್ಲವೇ ಒಡೆದು ಬುನಾದಿಗೆ ಸೇರುತ್ತವೆ.

ಆದರೆ ಸಂಗ್ರಹಾಲಯದ ಸಾಲಿಗೆ ಬಂದ ಕಲ್ಲು ಓಣಿಯನ್ನು ಮರೆಯಬಾರದು. ೧೯೫೮ ಮತ್ತು ೧೯೬೧ರ ಸ್ಮಾರಕ ಕಾಯಿದೆಗಳು ಕಟ್ಟಡ ಮತ್ತು ನಿವೇಶನಗಳನ್ನೂ, ೧೯೭೨ರ ಕಾಯಿದೆಯು ಪುರಾತನ ವಸ್ತುಗಳನ್ನೂ ರಕ್ಷಿಸುತ್ತವೆ. ಬಳಕೆಯನ್ನು ರಕ್ಷಿಸುವ ಕಾಯಿದೆ ಇರಲಾರದು, ಇರಬೇಕಾಗಿಯೂ ಇಲ್ಲ. ಆದುದರಿಂದ ಆ ಭಾರ ನಮ್ಮ ಮೇಲಿದೆ. ಕಲ್ಲನ್ನು ಎತ್ತುವ ಮೊದಲು ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಬೇಕು: ಅದು ಯಾವ ಕೆಲಸದಲ್ಲಿತ್ತು, ಯಾವ ಮುಖ ಮೇಲಿತ್ತು, ಎಲ್ಲಿ, ಯಾವುದರಿಂದ ಸವೆದಿದೆ, ಮನೆಯ ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು. ಒಂದು ಚಿತ್ರ, ಒಂದು ಪುಟದ ಟಿಪ್ಪಣಿ ಸಾಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರುಗಳಲ್ಲಿಯೇ ಇದನ್ನು ಮಾಡಬಲ್ಲರು. ಪ್ರಾಚೀನ ಲಿಪಿಯನ್ನು ಅರಿಯದವರೂ ಈ ಕೆಲಸಕ್ಕೆ ಅರ್ಹರು.

ಇನ್ನೊಂದು ಮಾತು. ಹೊಸ್ತಿಲ ಕಲ್ಲನ್ನು ಕೊಟ್ಟ ಮನೆಗೆ ಅದೇ ಅಳತೆಯ ಬೇರೊಂದು ಹಾಸುಗಲ್ಲನ್ನು ಹಾಕಿಸಿಕೊಡುವುದು ನ್ಯಾಯ. ಆ ಕಲ್ಲು ಅಲ್ಲಿಗೆ ಬಂದದ್ದೇ ಕೆಸರನ್ನು ದಾಟುವುದಕ್ಕಾಗಿ. ಕೆಸರು ಇನ್ನೂ ಅಲ್ಲಿಯೇ ಇದೆ. ಆ ಮನೆಯವರನ್ನು ಅಜ್ಞಾನಿಗಳೆಂದು ಜರೆದು ಕಲ್ಲನ್ನೆತ್ತಿಕೊಂಡು ಹೋದರೆ, ಮುಂದೆ ದೊರೆಯುವ ಕಲ್ಲಿನ ಸುದ್ದಿಯನ್ನು ಅವರು ನಮಗೆ ಹೇಳಲಾರರು.

ಕಣಗಿನಹಾಳದ ಸಂಘದ ಇತಿಹಾಸವನ್ನು ಬರೆಯುವವನಿಗೆ ಹೆಸರೂ ವರ್ಷವೂ ಕಾಗದದ ಮೇಲೆ ದೊರೆಯುತ್ತವೆ. ಕಾಗದವಿಲ್ಲದೆ ತಮ್ಮ ಕೊರತೆಯನ್ನು ನೀಗಿಕೊಂಡವರ ಇತಿಹಾಸಕ್ಕೆ ಇರುವ ಆಧಾರ ಓಣಿಯ ಕಲ್ಲುಗಳು. ಅವುಗಳನ್ನು ಎತ್ತಿದ ಮೇಲೆ ಅವುಗಳ ಗುರುತೂ ಅಳಿಯುತ್ತದೆ. ಎತ್ತುವ ಮುನ್ನ ಓದಿಕೊಳ್ಳುವುದು ಇತಿಹಾಸದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕರ್ತವ್ಯವಾಗಿದೆ.