ಫೋಟೋ ತೊಳೆಯುವ ವಿದ್ಯೆ: ಗದಗ ಸೀಮೆಯ ಒಂದು ನೋಟ

ಕನ್ನಡದ ಆಡುಮಾತಿನಲ್ಲಿ ಪುಸ್ತಕವನ್ನು ಅಚ್ಚು ಹಾಕಿಸುತ್ತಾರೆ, ಫೋಟೋವನ್ನು ತೊಳೆಸುತ್ತಾರೆ. ಬಟ್ಟೆಗೂ ಪಾತ್ರೆಗೂ ಸಲ್ಲುವ ಈ ಕ್ರಿಯಾಪದವು ಛಾಯಾಚಿತ್ರಕ್ಕೆ ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಕ್ಯಾಮರಾ ಹಿಡಿದುಕೊಟ್ಟ ಬೆಳಕಿನ ಗುರುತು ಕಣ್ಣಿಗೆ ಕಾಣುವ ಚಿತ್ರವಾಗುವುದು ನೀರಿನ ತಟ್ಟೆಗಳಲ್ಲಿಯೇ ಆಗಿತ್ತು. ಆ ತಟ್ಟೆಗಳು ಯಾವ ಊರಿನಲ್ಲಿ, ಯಾರ ಕೈಯಲ್ಲಿದ್ದವು ಎಂಬುದನ್ನು ಹಿಂಬಾಲಿಸಿದರೆ, ಲಕ್ಷ್ಮೇಶ್ವರ ತಾಲೂಕಿನ ಬಾಳೆಹೊಸೂರ ಮತ್ತು ಅದರ ಸುತ್ತಲಿನ ಗದಗ ಸೀಮೆಯಲ್ಲಿ ಫೋಟೋ ಮುದ್ರಣ ನಡೆದು ಬಂದ ದಾರಿ ಸ್ಪಷ್ಟವಾಗುತ್ತದೆ.

ಈ ಸೀಮೆಯ ಮೊದಲ ಚಿತ್ರಗಳು ಮನುಷ್ಯರವಲ್ಲ, ಕಲ್ಲಿನವು. ಮುಂಬಯಿ ಸರಕಾರವು 1855ರಲ್ಲಿ ದಕ್ಷಿಣದ ಗುಡಿಗಳ ಚಿತ್ರ ತೆಗೆಯಲು ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ನೇಮಿಸಿತು. ಅವನು ತನ್ನ ದಂಡಿಗೆ ಮರಳಿದ ಮೇಲೆ ವೈದ್ಯನಾಗಿದ್ದ ವಿಲಿಯಂ ಪಿಗೌ ಆ ಕೆಲಸವನ್ನು ಮುಂದುವರಿಸಿ 1858ರಲ್ಲಿ ತೀರಿಕೊಂಡನು. ಇವರಿಬ್ಬರ ಮತ್ತು ಎ. ಸಿ. ಬಿ. ನೀಲ್‌ನ ಚಿತ್ರಗಳನ್ನು ಒಳಗೊಂಡ ಧಾರವಾಡ ಹಾಗೂ ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಅದಕ್ಕೆ ಇತಿಹಾಸದ ಭಾಗವನ್ನೂ, ಜೇಮ್ಸ್ ಫರ್ಗ್ಯುಸನ್ ಶಿಲ್ಪದ ಟಿಪ್ಪಣಿಗಳನ್ನೂ ಬರೆದರು. ಗದಗ, ಲಕ್ಕುಂಡಿ ಮತ್ತು ಡಂಬಳದ ಗುಡಿಗಳು ಅದರಲ್ಲಿ ಸೇರಿವೆ. ಆ ಗ್ರಂಥಕ್ಕೆ ಆಶ್ರಯ ನೀಡಿದವನು ಅಮೆರಿಕದ ಅಂತರ್ಯುದ್ಧದ ಕಾಲದ ಹತ್ತಿ ವ್ಯಾಪಾರದಲ್ಲಿ ಸಿರಿವಂತನಾದ ಮುಂಬಯಿಯ ಪ್ರೇಮಚಂದ್ ರಾಯಚಂದ್ ಎಂಬುದು, ಹತ್ತಿಗೆ ಹೆಸರಾದ ಗದಗಿನ ಎರೆನೆಲದ ಓದುಗರಿಗೆ ಗಮನಾರ್ಹವೆನಿಸದೆ ಇರದು.

ಅಂದಿನ ಕ್ಯಾಲೋಟೈಪ್ ಪದ್ಧತಿಯಲ್ಲಿ ನೆಗೆಟಿವ್, ಅಂದರೆ ಬೆಳಕು ನೆರಳುಗಳು ತಿರುಗುಮುರುಗಾಗಿ ಮೂಡುವ ಮೂಲಚಿತ್ರವು, ಬೆಳ್ಳಿಯ ಲವಣ ಸವರಿದ ಕಾಗದವೇ ಆಗಿತ್ತು. ಅದನ್ನು ಪಾರದರ್ಶಕವಾಗಿಸಲು ಮೇಣ ತೀಡುತ್ತಿದ್ದರು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಹಂಪಿಯ ಅವಶೇಷಗಳನ್ನು ತೆಗೆದದ್ದೂ ಇಂಥ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆಯೇ. ಪ್ರತಿ ತೆಗೆಯಲು ಮೊಟ್ಟೆಯ ಬಿಳಿಲೋಳೆ ಮತ್ತು ಉಪ್ಪು ಸವರಿದ ಕಾಗದವನ್ನು ಬೆಳ್ಳಿಯ ನೈಟ್ರೇಟಿನಲ್ಲಿ ನೆನೆಸಿ, ನೆಗೆಟಿವ್‌ನ ಕೆಳಗಿಟ್ಟು ಬಿಸಿಲಿಗೆ ಒಡ್ಡಬೇಕಿತ್ತು. ಆಲ್ಬುಮೆನ್ ಎಂದು ಹೆಸರಾದ ಈ ಪ್ರತಿಗಳನ್ನು ಗ್ರಂಥದ ಪುಟಗಳಿಗೆ ಒಂದೊಂದಾಗಿ ಅಂಟಿಸಲಾಯಿತು. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಗೆ ಬಿದ್ದ ಬಿಸಿಲು ಹೀಗೆ ಲಂಡನ್ನಿನ ಪುಸ್ತಕದಲ್ಲಿ ಕಂದುಬಣ್ಣದ ಚಿತ್ರವಾಗಿ ನಿಂತರೂ, ಅದನ್ನು ಕೊಂಡು ನೋಡುವ ಅನುಕೂಲ ಡಂಬಳದವರಿಗಿರಲಿಲ್ಲ.

ಊರಿನ ಬಜಾರಿನಲ್ಲಿಯೇ ಫೋಟೋ ತೊಳೆಯುವ ಕಾಲ ಬಂದದ್ದು ಬ್ರೋಮೈಡ್ ಪೇಪರ್‌ನಿಂದ. ಜಿಲೆಟಿನ್ ಅಂಟಿನಲ್ಲಿ ಬೆಳ್ಳಿಯ ಬ್ರೋಮೈಡ್ ಕಲಸಿ ಲೇಪಿಸಿದ ಈ ಕಾಗದಕ್ಕೆ ಬಿಸಿಲಿನ ಅಗತ್ಯವಿಲ್ಲ, ಒಂದು ದೀಪದ ಕೆಲವು ಕ್ಷಣಗಳ ಬೆಳಕು ಸಾಕು. ಕೆಂಪು ಬೆಳಕು ಅದಕ್ಕೆ ತಟ್ಟದಿರುವುದರಿಂದ ಕೆಂಪು ಬಲ್ಬು ಉರಿಯುವ ಸಣ್ಣ ಕೋಣೆಯೇ ಡಾರ್ಕ್ ರೂಮ್ ಆಯಿತು. ಎನ್‌ಲಾರ್ಜರ್ ಎಂಬ ಯಂತ್ರದಲ್ಲಿ ನೆಗೆಟಿವ್‌ನ ನೆರಳನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸಿ, ಆಮೇಲೆ ಕಾಗದವನ್ನು ಮೂರು ತಟ್ಟೆಗಳಲ್ಲಿ ಸಾಗಿಸುವುದೇ ಒಟ್ಟು ಕೆಲಸ. ಮೊದಲನೆಯದು ಚಿತ್ರವನ್ನು ಮೂಡಿಸುವ ಡೆವಲಪರ್. ಡಿ-72 ಎಂಬ ಹೆಸರಾಂತ ಸೂತ್ರದಲ್ಲಿ ಲೀಟರಿಗೆ ಸುಮಾರು 3 ಗ್ರಾಂ ಮೆಟಾಲ್, 12 ಗ್ರಾಂ ಹೈಡ್ರೋಕ್ವಿನೋನ್, 45 ಗ್ರಾಂ ಸೋಡಿಯಂ ಸಲ್ಫೈಟ್, 67 ಗ್ರಾಂ ಸೋಡಿಯಂ ಕಾರ್ಬೋನೇಟ್, 2 ಗ್ರಾಂಗೆ ತುಸು ಕಡಿಮೆ ಪೊಟ್ಯಾಸಿಯಂ ಬ್ರೋಮೈಡ್ ಇರುತ್ತವೆ. ಮೊದಲೆರಡು ಬೆಳಕು ತಾಗಿದ ಬೆಳ್ಳಿಯನ್ನು ಕಪ್ಪಾಗಿಸಿದರೆ, ಉಳಿದವು ಕ್ರಮವಾಗಿ ದ್ರಾವಣ ಕೆಡದಂತೆ ಕಾಯುತ್ತವೆ, ಕೆಲಸಕ್ಕೆ ವೇಗ ಕೊಡುತ್ತವೆ, ಬಿಳಿಯ ಭಾಗ ಮಸುಕಾಗದಂತೆ ತಡೆಯುತ್ತವೆ. ಎರಡನೆಯ ತಟ್ಟೆಯ ಹುಳಿನೀರು ಈ ಕ್ರಿಯೆಯನ್ನು ನಿಲ್ಲಿಸುತ್ತದೆ. ಮೂರನೆಯದಾದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ಚಿತ್ರವನ್ನು ಸ್ಥಿರಗೊಳಿಸುತ್ತದೆ.

ಈ ವಿದ್ಯೆಗೆ ಬಯಲುಸೀಮೆಯು ಎರಡು ತೊಡಕುಗಳನ್ನು ಒಡ್ಡಿತು. ದ್ರಾವಣಗಳು 20 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇರಬೇಕೆಂಬುದು ನಿಯಮವಾದರೂ ಬೇಸಗೆಯಲ್ಲಿ ಇಲ್ಲಿನ ನೀರು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ, ಬಿಸಿನೀರಿನಲ್ಲಿ ಜಿಲೆಟಿನ್ ಮೆತ್ತಗಾಗುತ್ತದೆ. ಎರಡನೆಯದು ಇನ್ನೂ ಕಠಿಣವಾದುದು: ಕಾಗದದ ನಾರಿನೊಳಗೆ ಇಳಿದ ಹೈಪೋ ಹೊರಬೀಳಲು ಹರಿಯುವ ನೀರಿನಲ್ಲಿ ಒಂದು ಗಂಟೆಯಷ್ಟು ತೊಳೆಯಬೇಕು, ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಅದು ದುಬಾರಿಯ ಮಾತು. ಹಳೆಯ ಮದುವೆ ಫೋಟೋಗಳು ಹಳದಿಗಟ್ಟಿರುವುದನ್ನು ಕಾಲದ ಮೇಲೆ ಹಾಕುವುದು ರೂಢಿಯಾಗಿದ್ದರೂ, ಅನೇಕ ಸಲ ಅದಕ್ಕೆ ಕಾರಣ ಸಾಲದೆ ಹೋದ ನೀರು.

1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಸರಕಾರಿ ಉದ್ಯಮ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್, 'ಇಂದು' ಎಂಬ ಹೆಸರಿನಲ್ಲಿ ಫಿಲ್ಮನ್ನೂ ಕಾಗದವನ್ನೂ ದೇಶದಲ್ಲಿಯೇ ಒದಗಿಸಿತು. ಒಂದು ರೀಲಿಗೆ 12 ಚೌಕಚಿತ್ರ ಕೊಡುವ ಆಗ್ಫಾ ಕ್ಲಿಕ್ 3 ಕ್ಯಾಮರಾ ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಆದರೆ ಊರಿನ ಡಾರ್ಕ್ ರೂಮಿನ ಈ ವ್ಯವಸ್ಥೆಯನ್ನು ಕಲರ್ ಫಿಲ್ಮ್ ಬೇಗನೆ ಕೆಡವಿತು. ಕಲರ್ ಪೇಪರ್‌ಗೆ ಕೆಂಪು ಬೆಳಕೂ ತಟ್ಟುತ್ತದೆ, ಕಲರ್ ಫಿಲ್ಮಿನ ಡೆವಲಪರ್ 38 ಡಿಗ್ರಿಯ ಆಸುಪಾಸಿನಲ್ಲಿ ಅಲುಗದೆ ನಿಲ್ಲಬೇಕಾಗುತ್ತದೆ. ಆದ್ದರಿಂದ ರೀಲುಗಳು ದೊಡ್ಡ ಊರುಗಳ ಕಲರ್ ಲ್ಯಾಬ್‌ಗಳತ್ತ ಪ್ರಯಾಣ ಹೊರಟವು, ಬಿಗ್ಸ್‌ನ ಕಾಲದಂತೆ ತೆಗೆಯುವುದು ಒಂದೆಡೆ, ತೊಳೆಯುವುದು ಇನ್ನೊಂದೆಡೆ ಆಯಿತು.

ಮನೆಯಲ್ಲಿಯೇ ಮುದ್ರಣ ಆರಂಭಿಸಬಯಸುವವರಿಗೆ ಇಂದು ಹತ್ತಿರದ ದಾರಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್. ಇಂಜಿನಿಯರರ ಕಚೇರಿಗಳಲ್ಲಿ ನಕಾಶೆ ತೆಗೆಯಲು ಬಳಕೆಯಾದದ್ದು ಇದೇ ಪದ್ಧತಿ. ನೀಲನಕ್ಷೆ ಎಂಬ ಪದ ಕನ್ನಡಕ್ಕೆ ಬಂದದ್ದೂ ಅಲ್ಲಿಂದಲೇ. ತಲಾ 100 ಮಿಲಿಲೀಟರ್ ನೀರಿನಲ್ಲಿ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್‌ಗಳನ್ನು ಬೇರೆಬೇರೆಯಾಗಿ ಕರಗಿಸಿ, ಎರಡನ್ನೂ ಸಮವಾಗಿ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಕಾಗದಕ್ಕೆ ಸವರಿ ಕತ್ತಲೆಯಲ್ಲಿ ಒಣಗಿಸಬೇಕು. ಪ್ರಬಲ ಆಮ್ಲಗಳನ್ನು ಇದರ ಹತ್ತಿರ ತರಬಾರದು. ಟ್ರಂಕಿನಲ್ಲಿ ಉಳಿದ ಕ್ಲಿಕ್ 3ರ ನೆಗೆಟಿವ್ ಆರು ಸೆಂಟಿಮೀಟರ್ ಚೌಕದ್ದು, ಎನ್‌ಲಾರ್ಜರ್ ಇಲ್ಲದೆಯೇ ಅದನ್ನು ಕಾಗದದ ಮೇಲಿಟ್ಟು ಗಾಜು ಮುಚ್ಚಬಹುದು. ಮುಂದಿನದಕ್ಕೆ ಬಾಳೆಹೊಸೂರಿನ ಬಿಸಿಲು ಮತ್ತು ಒಂದು ಬಕೆಟ್ ನೀರು ಸಾಕು.