ಬಿಸಿಲಲ್ಲಿ ಬರುವ ನೆರೆ

ಕೊಳ್ಳೇಗಾಲದ ಹೊಳೆಯಂಚಿನ ಊರುಗಳಿಗೆ ನೆರೆ ಬರಲು ಅಲ್ಲಿ ಮಳೆಯಾಗಲೇಬೇಕೆಂದಿಲ್ಲ. ಮೋಡ ಚದುರಿ ಒಳ್ಳೆಯ ಬಿಸಿಲು ಬಿದ್ದ ದಿನವೇ ದಾಸನಪುರದ ಗದ್ದೆಗೆ ಕಾವೇರಿ ನುಗ್ಗಬಹುದು. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಕೊಡಗಿನಲ್ಲೂ ವಯನಾಡಿನಲ್ಲೂ ಸುರಿದರೆ ಕೆಆರ್‌ಎಸ್ ಮತ್ತು ಕಬಿನಿ ತುಂಬುತ್ತವೆ. ಅಲ್ಲಿಂದ ಬಿಟ್ಟ ನೀರು ತಿರುಮಕೂಡಲು ನರಸೀಪುರದಲ್ಲಿ ಒಂದಾಗಿ, ತಲಕಾಡು ದಾಟಿ, ಇಲ್ಲಿಗೆ ಬರುತ್ತದೆ. ಇದು ಊರಿನ ಆಕಾಶಕ್ಕೆ ಸಂಬಂಧವೇ ಇಲ್ಲದ ನೀರು.

ಈ ಸೀಮೆಯ ಸ್ವಂತ ಮಳೆಯ ಲೆಕ್ಕವೇ ಬೇರೆ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಸುರಿಯುವ ಒಣ ನಾಡು ಇದು. ಮಲೆನಾಡು ತೊಯ್ದು ಹೋಗುವ ಜುಲೈ ತಿಂಗಳಲ್ಲಿ ಇಲ್ಲಿನ ರೈತ ಮುಗಿಲು ನೋಡುತ್ತಿರುತ್ತಾನೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಗಾಳಿ ಸಮೇತ ಬಂದು ಬಾಳೆ ತೋಟ ಮಲಗಿಸುತ್ತದೆ. ನಿಜವಾದ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಗ ಸುವರ್ಣಾವತಿ ಯಳಂದೂರಿನ ಕಡೆ ಉಕ್ಕುತ್ತದೆ, ಹನೂರಿನ ಸುತ್ತ ವರ್ಷವೆಲ್ಲ ಮರಳು ಹೊದ್ದು ಮಲಗಿದ್ದ ತಟ್ಟೆಹಳ್ಳ, ಉಡುತೊರೆಹಳ್ಳಗಳು ಒಂದು ರಾತ್ರಿಯಲ್ಲಿ ಎದ್ದು ನಿಲ್ಲುತ್ತವೆ. ಮೂರು ತಾಲ್ಲೂಕು ಅಕ್ಕಪಕ್ಕದಲ್ಲಿದ್ದರೂ ನೆರೆಗೆ ಎರಡು ಪಂಚಾಂಗ. ಒಂದಕ್ಕೆ ಸುದ್ದಿ ಕೇಳಿ ಸಿದ್ಧವಾಗಬೇಕು, ಇನ್ನೊಂದಕ್ಕೆ ಕೆರೆ ನೋಡಿ.

ಮೊದಲು ಕೆರೆಯ ವಿಷಯ. ಸುವರ್ಣಾವತಿಗೆ ಹಳಬರು ಹೊನ್ನುಹೊಳೆ ಎನ್ನುತ್ತಿದ್ದರು. ಅದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಗಳಿಂದ ನಾಲೆ ತೆಗೆದು ಕೆರೆಗಳನ್ನು ತುಂಬಿಸಿಕೊಳ್ಳುವುದು ಯಳಂದೂರು ಸೀಮೆಯ ಹಳೆಯ ವ್ಯವಸಾಯ. ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ. ಕೊಳ್ಳೇಗಾಲ ಪಟ್ಟಣಕ್ಕೂ ದೊಡ್ಡರಂಗನಾಥನ ಕೆರೆ, ಚಿಕ್ಕರಂಗನಾಥನ ಕೆರೆಗಳಿವೆ. ನೀರಾವರಿಗೆಂದು ನಾವು ಓದುವ ಈ ಕೆರೆಗಳ ಸಾಲು ಅಬ್ಬರದ ಮಳೆಯ ರಾತ್ರಿ ನೆರೆ ತಡೆಯುವ ಸಾಲೂ ಹೌದು. ಹಳ್ಳದ ನೀರು ಊರಿಗೆ ನುಗ್ಗುವ ಮೊದಲು ಹತ್ತು ಕಡೆ ನಿಂತು ಬರಬೇಕಲ್ಲ.

ಆದರೆ ನಿಂತ ನೀರಿಗೂ ಒಂದು ಅಪಾಯವಿದೆ. ಕೆರೆಯಲ್ಲಿ ಇನ್ನಷ್ಟು ನೀರು ಉಳಿಸಿಕೊಳ್ಳಬೇಕೆಂದು ಕೋಡಿಯ ಕಲ್ಲುಗಳ ನಡುವೆ ಮಣ್ಣು, ಹುಲ್ಲು, ಸೊಪ್ಪು ತುಂಬಿ ಎತ್ತರಿಸುವುದು ದಕ್ಷಿಣದ ಊರುಗಳಲ್ಲಿ ಬಹಳ ಕಾಲದಿಂದ ಇದ್ದ ರೂಢಿ. ಹಾಗೆ ತುಂಬಿದ್ದನ್ನು ಯಾವಾಗ ಕಿತ್ತು ಹಾಕಬೇಕು ಎನ್ನುವುದೇ ಮುಖ್ಯ ಪ್ರಶ್ನೆ. ಬೇಗ ಕಿತ್ತರೆ ಬೇಸಿಗೆ ಬೆಳೆ ಹೋಯಿತು, ತಡಮಾಡಿದರೆ ಏರಿಯೇ ಹೋಯಿತು. ಗುಡುಗುವ ರಾತ್ರಿ ಕಂಬಳಿಕೊಪ್ಪೆ ಹಾಕಿಕೊಂಡು ಏರಿಯ ಮೇಲೆ ನಿಂತ ನೀರಗಂಟಿ ಈ ತೀರ್ಮಾನ ಮಾಡಬೇಕಿತ್ತು. ನಮ್ಮ ಚರಿತ್ರೆ ಪುಸ್ತಕಗಳು ಕೆರೆ ಕಟ್ಟಿಸಿದವರ ಹೆಸರನ್ನು ಶಾಸನದಿಂದ ಎತ್ತಿ ಹೇಳುತ್ತವೆ, ಕೋಡಿ ಬಿಡಿಸಿದವರ ಹೆಸರು ಎಲ್ಲಿಯೂ ಇಲ್ಲ.

ಇಲ್ಲಿ ಗಡಿಯ ಒಂದು ವಿಚಿತ್ರ ಬರುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಇಂದಿನ ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. 1956ರ ನವೆಂಬರ್ 1ರವರೆಗೆ, ಅಂದರೆ ಒಂದೂವರೆ ಶತಮಾನ, ಒಂದೇ ಹೊನ್ನುಹೊಳೆ ಜಹಗೀರಿನ ಕೆರೆಗಳನ್ನು ತುಂಬಿಸಿ, ಮದರಾಸಿನ ತಾಲ್ಲೂಕಿಗೆ ಇಳಿದು ಕಾವೇರಿ ಸೇರುತ್ತಿತ್ತು. ಹೊಳೆಗೆ ಗಡಿ ಇರಲಿಲ್ಲ, ಕಾಯಿದೆಗೆ ಇತ್ತು.

ಮದರಾಸು ಸರ್ಕಾರ 1858ರಲ್ಲಿ ಮಾಡಿದ 1ನೇ ಕಾಯಿದೆ ನೆರೆಯ ಸಿದ್ಧತೆಯನ್ನೇ ಕುರಿತದ್ದು. ಕೆರೆಯ ಏರಿಯೋ ಹೊಳೆಯ ಕಟ್ಟೆಯೋ ಒಡೆಯುವ ಹಾಗಿದ್ದರೆ, ಊರಿನ ಮುಖ್ಯಸ್ಥ ಕರೆದಾಗ ಮೈಯಲ್ಲಿ ಶಕ್ತಿಯಿರುವ ಗಂಡಸರು ಬಂದು ಕೆಲಸಕ್ಕೆ ಕೈ ಹಚ್ಚಬೇಕು, ಬಾರದಿದ್ದರೆ ದಂಡ, ಬಂದವರಿಗೆ ಕೂಲಿ ಎಂದು ಅದು ಹೇಳಿತು. ಕುಡಿಮರಾಮತ್ತು, ಅಂದರೆ ಕೆರೆ–ಕಾಲುವೆಗಳಿಗೆ ಊರಿನವರೇ ರೂಢಿಯಂತೆ ಮಾಡುತ್ತಿದ್ದ ದುರಸ್ತಿಯನ್ನೂ ಅದೇ ಕಾಯಿದೆ ಕಡ್ಡಾಯ ಮಾಡಿತು. ಊರು ತಾನಾಗಿ ಮಾಡುತ್ತಿದ್ದುದನ್ನು ಕಾನೂನಾಗಿ ಬರೆಯಬೇಕಾಗಿ ಬಂದದ್ದೇ ಒಂದು ಸೂಚನೆ. ಅಷ್ಟರಲ್ಲಿ ಊರಿನ ಕಟ್ಟು ಸಡಿಲವಾಗಿತ್ತು. ಜೊತೆಗೆ ಬಿಟ್ಟಿ ದುಡಿಮೆಯ ವಾಸನೆಯೂ ಅದರಲ್ಲಿತ್ತು: ಮಳೆಯಲ್ಲಿ ಏರಿಗೆ ಮಣ್ಣು ಹೊರುವವರು ಯಾರು, ಗದ್ದೆ ಉಳಿಸಿಕೊಳ್ಳುವವರು ಯಾರು ಎಂಬುದು ಯಾವ ಊರಿನಲ್ಲೂ ಒಂದೇ ಕೇರಿಯ ಮಾತಾಗಿರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಹೊಗಳುವಾಗ ಇದನ್ನು ಮರೆಯಬಾರದು.

ಇನ್ನು ಸುದ್ದಿ ಕೇಳಿ ಕಾಯಬೇಕಾದ ಕಾವೇರಿ. ಅದರ ದೊಡ್ಡ ನೆರೆಗಳಲ್ಲಿ ಹಿರಿಯದು 1924ರ ಜುಲೈ ತಿಂಗಳದು. ಕೇರಳದವರು ಅದನ್ನು ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ಈಗಲೂ ‘ತೊಂಬತ್ತೊಂಬತ್ತರ ನೆರೆ’ ಎನ್ನುತ್ತಾರೆ. 1911ರಲ್ಲಿ ಶುರುವಾದ ಕನ್ನಂಬಾಡಿಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಕೊಳ್ಳೇಗಾಲದ ಕೆಳಗೆ ಮೆಟ್ಟೂರಿನ ಹತ್ತಿರ ಹರಿದದ್ದು 4 ಲಕ್ಷ ಕ್ಯೂಸೆಕ್‌ಗೂ ಮೀರಿದ ನೀರು. ಮರುವರ್ಷ ಆರಂಭವಾದ ಮೆಟ್ಟೂರು ಅಣೆಕಟ್ಟು ಕಟ್ಟಿದವರು ಆ ನೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದರು. ಅಣೆಕಟ್ಟುಗಳಿಗೆ 1924 ಪಾಠವಾಯಿತು. ಹೊಳೆಯಂಚಿನ ಊರುಗಳಿಗೆ ಏನಾಯಿತು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

1930ರ ದಶಕದ ಆರಂಭದಲ್ಲಿ ಕೆಆರ್‌ಎಸ್, 1974ರಲ್ಲಿ ಕಬಿನಿ ಮುಗಿದ ಮೇಲೆ ಸಣ್ಣ ನೆರೆಗಳು ನಿಂತವು. ವರ್ಷ ವರ್ಷವೂ ಹೊಳೆ ಏರಿ ಇಳಿಯುವುದನ್ನು ಕಂಡವರಿಗೆ ಎಲ್ಲಿಯವರೆಗೆ ಉಳಬಹುದು, ಎಲ್ಲಿಂದಾಚೆ ಮನೆ ಕಟ್ಟಬಾರದು ಎನ್ನುವುದು ಕಾಲಿಗೆ ಗೊತ್ತಿರುತ್ತದೆ. ಹತ್ತು–ಹದಿನೈದು ವರ್ಷ ಹೊಳೆ ಏರದೇ ಹೋದರೆ ಆ ಗುರುತು ಅಳಿಯುತ್ತದೆ, ಗದ್ದೆ ಇನ್ನೊಂದು ಮಾರು ಕೆಳಗಿಳಿಯುತ್ತದೆ. ಅಣೆಕಟ್ಟು ನೆರೆಯನ್ನು ಕಡಿಮೆ ಮಾಡಿತು, ನೆರೆಯ ನೆನಪನ್ನು ಅದಕ್ಕಿಂತ ಹೆಚ್ಚು ಕಡಿಮೆ ಮಾಡಿತು ಎಂಬುದು ನನ್ನ ಅಂದಾಜು.

2018ರ ಆಗಸ್ಟ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಎರಡೂ ಜಲಾಶಯಗಳು ತುಂಬಿದವು. ಕೆಆರ್‌ಎಸ್ ಒಂದರಿಂದಲೇ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಿದ್ದರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷಕ್ಕೆ ಓದುಗರೇ ಗುಣಿಸಿಕೊಳ್ಳಲಿ. ಶಿವನಸಮುದ್ರದ ಬಳಿ ಹೊಳೆಯ ಬಂಡೆಯ ಮೇಲೆ ಕಲ್ಲುಕಂಬ ನಿಲ್ಲಿಸಿ 19ನೇ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ, ಜನ ‘ವೆಸ್ಲಿ ಸೇತುವೆ’ ಎನ್ನುವ ಸೇತುವೆ 1924ನ್ನು ಕಂಡಿತ್ತು. 2018ರಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ಈಗ ಎಚ್ಚರಿಕೆ ಫೋನಿನಲ್ಲಿ ಬರುತ್ತದೆ, ಹಳ್ಳಿಗಳಲ್ಲಿ ಧ್ವನಿವರ್ಧಕದಲ್ಲಿ ಕೂಗಿಸುತ್ತಾರೆ, ತಮಟೆಯೂ ಪೂರ್ತಿ ಸುಮ್ಮನಾಗಿಲ್ಲ. ಮೊದಲು ದನಕರು ಮೇಲಕ್ಕೆ, ಆಮೇಲೆ ಕಾಳುಕಡಿ, ರೇಷನ್ ಕಾರ್ಡು, ಪಹಣಿ ಪತ್ರ. ಕೊನೆಗೆ ಮನೆಯ ಹಿರಿಯರು, ಅದೂ ಬೈದುಕೊಂಡು. ಸಿಡಿಲಿಗೆ ‘ದಾಮಿನಿ’ ಎಂಬ ಆ್ಯಪ್ ಇದೆ. ಬಯಲಲ್ಲಿ ಒಂಟಿ ಮರದ ಕೆಳಗೆ ನಿಲ್ಲಬಾರದೆಂಬ ಹಳೆಯ ಮಾತೂ ಇದೆ. ಮಳೆಯ ಮುನ್ಸೂಚನೆ ಕೊಡುವ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಹುಟ್ಟಿದ್ದು ಬರ ಉಸ್ತುವಾರಿ ಘಟಕವಾಗಿ. ಬರಕ್ಕೆಂದು ತೆರೆದ ಕಚೇರಿ ನೆರೆ ನೋಡುವಂತಾಯಿತು. ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಇದು ಸರಿಯಾದ ವಂಶಾವಳಿಯೇ.

ಏಕೆಂದರೆ 2022 ಬಂತು. ಅಟ್ಟುಗುಳಿಪುರದ ಸುವರ್ಣಾವತಿ ಜಲಾಶಯವೂ ಪಕ್ಕದ ಚಿಕ್ಕಹೊಳೆಯೂ ತುಂಬಿ, ಯಳಂದೂರು ತಾಲ್ಲೂಕಿನ ಕೆರೆಗಳು ಕೋಡಿ ಬಿದ್ದು, ಗದ್ದೆ–ರಸ್ತೆ ಒಂದಾದವು. ಕೋಡಿ ಬಿದ್ದ ಕೆರೆಗೆ ಬಾಗಿನ ಬಿಡುವ ನಾಡು ಇದು, ಮೊದಲ ದಿನ ಜನ ನೋಡಲು ಹೋಗಿದ್ದು ಸಂತೋಷದಿಂದಲೇ. ಹೂಳು ತುಂಬಿದ ಕೆರೆಗೆ ಹಿಡಿಯುವಷ್ಟು ಜಾಗವಿಲ್ಲ, ಕೋಡಿಯಿಂದ ಹೊರಟ ನೀರಿಗೆ ಹಳ್ಳದ ದಾರಿ ಇಲ್ಲ. ಹಳ್ಳ ಎಲ್ಲಿತ್ತು ಎನ್ನುವುದಕ್ಕೆ ಕಂದಾಯ ನಕ್ಷೆ ತೆಗೆಯಬೇಕಾಗುತ್ತದೆ.

ಹೊಳೆಯಂಚಿನಲ್ಲಿ ನಕ್ಷೆಯೂ ಬೇಡ, ಊರಿನ ಹೆಸರು ಸಾಕು. ಕೊಳ್ಳೇಗಾಲ ತಾಲ್ಲೂಕಿನಲ್ಲಿ ಹಳೆ ಹಂಪಾಪುರ, ಹೊಸ ಹಂಪಾಪುರ ಇವೆ. ಹಳೆ ಅಣಗಳ್ಳಿ, ಹೊಸ ಅಣಗಳ್ಳಿ ಇವೆ. ಇಂಥ ಜೋಡಿ ಹೆಸರು ಕಂಡರೆ, ಊರಿನ ಒಂದು ಪಾಲು ಎಂದೋ ಎದ್ದು ಬೇರೆ ಕಡೆ ಕೂತಿತು, ಉಳಿದವರು ಗದ್ದೆ ಬಿಟ್ಟು ಕದಲಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಬಿಟ್ಟ ಮರುದಿನ ಪತ್ರಿಕೆಯಲ್ಲಿ ಬರುವ ಮುಳುಗಡೆ ಪಟ್ಟಿಯಲ್ಲಿ ಮುಳ್ಳೂರು, ಹರಳೆ, ದಾಸನಪುರ, ಯಡಕುರಿಯದ ಜೊತೆ ಇರುವುದು ಹಳೆ ಹಂಪಾಪುರ ಮತ್ತು ಹಳೆ ಅಣಗಳ್ಳಿ.